ಯಾಣದ ದಾರಿಯ ಉಪ್ಪಾಗೆ ಅಮೆರಿಕದ ಗುಳಿಗೆಯಾದ ಕಥೆ

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ನಮ್ಮ ಕಡೆ ಒಂದು ಗಾದೆ ಇದೆ. ಗೋಕರ್ಣಕ್ಕೆ ಹೋದರೆ ಪೂಜೆ, ದಕ್ಷಿಣೆ ಅಂತ ಕೈಯಲ್ಲಿ ನಾಲ್ಕು ಕಾಸು ಬೇಕು. ಯಾಣಕ್ಕೆ ಹೋಗುವವನಿಗೆ ಕಾಲಲ್ಲಿ ಕಸುವು ಇದ್ದರೆ ಸಾಕು. ಈಗ ಬಂಡೆಗಳ ಹತ್ತಿರದವರೆಗೂ ರಸ್ತೆ ಆಗಿದೆ, ಹಾಗಾಗಿ ಗಾದೆಯ ಅರ್ಧ ಸುಳ್ಳಾಗಿದೆ ಬಿಡಿ. 'ನಮ್ಮೂರ ಮಂದಾರ ಹೂವೇ' ಸಿನಿಮಾ ಬಂದ ಮೇಲೆ ಆ ಕಪ್ಪು ಬಂಡೆಗಳನ್ನು ನೋಡದ ಕನ್ನಡಿಗರು ಕಡಿಮೆ. ದೊಡ್ಡದಾದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ.

ನಾನಂತೂ ಈಗಲೂ ಸೊಕ್ಕಿನವರ ಪಾರ್ಟಿ! ಬೇಸಿಗೆಯಲ್ಲಿ ಬೆಂಗಳೂರು ಬಿಟ್ಟು ನಾಲ್ಕೈದು ದಿನ ಕತಗಾಲದ ಆಚೆ, ಘಟ್ಟದ ಬುಡದ ಒಂದು ತೋಟದ ಮನೆಯಲ್ಲಿ ಇರುತ್ತೇನೆ. ದೂರದ ಸಂಬಂಧದ ಅತ್ತೆಯ ಮನೆ. ಹಿಂದೆ ಕಾಡು, ಮುಂದೆ ಅಡಿಕೆ ತೋಟ, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಬೆಳಿಗ್ಗೆ ಎದ್ದು ಕಾಡುದಾರಿಯಲ್ಲಿ ನಡೆಯುವುದು, ಬಿಸಿಲೇರುವ ಹೊತ್ತಿಗೆ ವಾಪಸು ಬಂದು ಜಗುಲಿಯ ಮೇಲೆ ಬಿದ್ದುಕೊಳ್ಳುವುದು. ಇಷ್ಟೇ ಕಾರ್ಯಕ್ರಮ.

"ತಮಾ, ಆಸ್ರಿಗೆ ಎಂತ ಮಾಡ್ಲಿ?" ಅನ್ನುತ್ತಾ ಅತ್ತೆ ಬರುತ್ತಾರೆ. ಆಸ್ರಿಗೆ ಎಂದರೆ ಬಾಯಾರಿಕೆಗೆ ಕೊಡುವ ಪಾನೀಯ. ಏಪ್ರಿಲ್-ಮೇ ಅಂದರೆ ಮುರುಗಲು ಹಣ್ಣಾಗುವ ಕಾಲ. ಕೆಂಪು ಸಿಪ್ಪೆಯ ಪಾನಕ, ಚೂರು ಉಪ್ಪು, ಚೂರು ಬೆಲ್ಲ. ದಕ್ಷಿಣ ಕನ್ನಡದವರು ಇದನ್ನೇ ಪುನರ್ಪುಳಿ ಅನ್ನುತ್ತಾರೆ. ಬೀಜದಿಂದ ತೆಗೆದ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ. ಮಧ್ಯಾಹ್ನ ಒಂದೆಲಗದ ತಂಬುಳಿ, ಊಟದ ಕೊನೆಗೆ ಅಪ್ಪೆಹುಳಿ, ಸಂಜೆ ಜೀರಿಗೆ ಕಷಾಯ. ಇದನ್ನೆಲ್ಲ 'ನೈಸರ್ಗಿಕ ಚಿಕಿತ್ಸೆ' ಅಂತ ಆ ಮನೆಯಲ್ಲಿ ಯಾರೂ ಕರೆಯುವುದಿಲ್ಲ. ಅದು ಅಡಿಗೆ, ಅಷ್ಟೇ.

ಮುರುಗಲಿನ ಅಣ್ಣನೋ ತಮ್ಮನೋ ಆದ ಇನ್ನೊಂದು ಮರ ಅದೇ ಕಾಡಿನಲ್ಲಿದೆ. ಅದೇ ಉಪ್ಪಾಗೆ. ಚಿಕ್ಕ ಕುಂಬಳಕಾಯಿಯ ಹಾಗೆ ಗೀರುಗೀರಾದ ಕಾಯಿ. ಮೇ ತಿಂಗಳಲ್ಲಿ ಇನ್ನೂ ಹಸಿರು, ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಇದೇ ಹಣ್ಣಿನ ರಸವನ್ನು ಕಪ್ಪಗಾಗುವಷ್ಟು ಕುದಿಸಿ ಕೊಡಗಿನವರು ಕಾಚಂಪುಳಿ ಮಾಡುತ್ತಾರೆ. ಇದೇ ಸಿಪ್ಪೆಯನ್ನು ಒಣಗಿಸಿ ಕೇರಳದವರು ಕುಡಂಪುಳಿ ಎಂದು ಮೀನಿನ ಸಾರಿಗೆ ಹಾಕುತ್ತಾರೆ. ಈ ಮರದ ಚರಿತ್ರೆಯನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಈ ಕಾಯಿಯ ಹಳೆಯ ಮುದ್ರಿತ ದಾಖಲೆಯೊಂದು 1678ರದು. ಕೊಚ್ಚಿಯಲ್ಲಿ ಡಚ್ ಗವರ್ನರ್ ಆಗಿದ್ದ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದ. ಅದರ ಮೊದಲ ಸಂಪುಟದಲ್ಲೇ ಕೊಡಂಪುಳಿ ಚಿತ್ರಸಮೇತ ಇದೆ. ಅವನಿಗೆ ಮಾಹಿತಿ ಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನ ಜೊತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ನಮ್ಮ ಕರಾವಳಿಯ ಮನೆಮದ್ದು ಯುರೋಪಿನ ಪುಸ್ತಕ ಸೇರಿದ್ದು ಹೀಗೆ.

ಮುಂದೆ ಲಿನೇಯಸ್ ಇದಕ್ಕೆ ಲ್ಯಾಟಿನ್ ಹೆಸರಿಟ್ಟ. ತಮಾಷೆ ನೋಡಿ. ಕಾಂಬೋಡಿಯಾ ಕಡೆಯಿಂದ ಯುರೋಪಿಗೆ ಬರುತ್ತಿದ್ದ ಹಳದಿ ಬಣ್ಣದ ಅಂಟು ಈ ಮರದ್ದೇ ಎಂದು ತಿಳಿದು 'ಕಾಂಬೋಜಿಯಾ' ಎಂದು ಕರೆದುಬಿಟ್ಟ. ಆ ಅಂಟು ಬೇರೆ ಮರದ್ದು. ತಪ್ಪು ಆಮೇಲೆ ತಿಳಿಯಿತು, ಹೆಸರು ಮಾತ್ರ ಹೋಗಲಿಲ್ಲ. ಇವತ್ತಿಗೂ ಬಾಟಲಿಗಳ ಮೇಲೆ 'ಗಾರ್ಸಿನಿಯಾ ಕಾಂಬೋಜಿಯಾ' ಅಂತಲೇ ಇರುತ್ತದೆ. ಪಶ್ಚಿಮ ಘಟ್ಟದ ಹುಳಿಗೆ ಕಾಂಬೋಡಿಯಾದ ವಿಳಾಸ!

ಕುಮಟಾದವರಿಗೆ ಇದು ಹೊಸದಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ನಮ್ಮ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ಹಾಗಾಗಿ ಕುಮಟಾದಲ್ಲಿ ಬೆಳೆಯದ ಹತ್ತಿಗೆ 'ಕುಮಟಾ ಹತ್ತಿ' ಎಂಬ ಹೆಸರು ಬಂತು. ಅದಕ್ಕೂ ಹಿಂದೆ, 16ನೇ ಶತಮಾನದಲ್ಲಿ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದರು. ಘಟ್ಟದಿಂದ ಇಳಿಯುವ ಸರಕಿಗೆ ಹೆಸರು, ಬೆಲೆ ಎರಡನ್ನೂ ಇಡುವವರು ಸಮುದ್ರದಾಚೆಯವರು. ಮೆಣಸು, ಹತ್ತಿ ಆದ ಮೇಲೆ ಮೂರನೆಯ ಸರದಿ ಉಪ್ಪಾಗೆಯದು.

ಅದರ ಆರಂಭ ಮಾತ್ರ ನಮ್ಮ ಮೈಸೂರಿನಲ್ಲೇ ಆಯಿತು. ಉಪ್ಪಾಗೆಯ ಹುಳಿ ಯಾವುದರಿಂದ ಬರುತ್ತದೆ? ಹಿಂದೆ ಅದನ್ನು ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೆಂದೋ, ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೆಂದೋ ತಿಳಿದಿದ್ದರು. ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡರು. ಸಕ್ಕರೆ ಪದಾರ್ಥವನ್ನು ದೇಹ ಕೊಬ್ಬಾಗಿ ಪರಿವರ್ತಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ! 1970ರ ದಶಕದಲ್ಲಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಕಡಿಮೆ ತಿಂದವು, ತೂಕವೂ ಅಷ್ಟಾಗಿ ಏರಲಿಲ್ಲ.

ಇಲಿಗೆ ಆದದ್ದು ಮನುಷ್ಯನಿಗೂ ಆಗಬೇಕೆಂದಿಲ್ಲ. ಆದರೆ ವ್ಯಾಪಾರಕ್ಕೆ ಅಷ್ಟು ತಾಳ್ಮೆ ಎಲ್ಲಿದೆ? 1990ರ ದಶಕದ ಹೊತ್ತಿಗೆ ಉಪ್ಪಾಗೆಯ ಸಾರ ತುಂಬಿದ ತೂಕ ಇಳಿಸುವ ಗುಳಿಗೆಗಳು ಅಮೆರಿಕದ ಅಂಗಡಿಗಳಲ್ಲಿ ಸಾಲಾಗಿ ಕೂತಿದ್ದವು. ಇತ್ತ ಸಿರ್ಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಾಡುಗಳಲ್ಲಿ ಮಳೆಗಾಲ ಬಂತೆಂದರೆ ಉಪ್ಪಾಗೆಯ ಜಾತ್ರೆ! ನಾಲ್ಕು ಮನೆಯವರ ಅಡಿಗೆಗೆ ಸಾಕಾಗುತ್ತಿದ್ದ ಕಾಯಿಗೆ ಒಮ್ಮೆಗೇ ಎಲ್ಲಿಲ್ಲದ ಬೆಲೆ.

ಅದರಿಂದ ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ಕೂಲಿ ಇಲ್ಲದ ಮಳೆಗಾಲದಲ್ಲಿ ಎಷ್ಟೋ ಬಡ ಮನೆಗಳಿಗೆ ಅದೇ ದುಡ್ಡು ಆಧಾರ. ಆದರೆ ಎರಡು ತೊಂದರೆ ಬಂದವು. ಒಂದು, ತನ್ನ ಸೊಪ್ಪಿನ ಬೆಟ್ಟದ ಮರವಾದರೆ ಹಣ್ಣಾಗುವ ತನಕ ಕಾಯಬಹುದು. ಎಲ್ಲರ ಕಾಡಿನ ಮರವಾದರೆ ಇವತ್ತು ನಾನು ಕೊಯ್ಯದಿದ್ದರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ. ಹಾಗಾಗಿ ಹಸಿ ಕಾಯಿಯನ್ನೇ ಇಳಿಸಿದರು. ಹಣ್ಣನ್ನು ತಿಂದು ಬೀಜ ಉದುರಿಸುವ ಸಿಂಗಳೀಕಗಳಿಗೆ, ನಾಳೆಯ ಸಸಿಗೆ ಉಳಿಯುವುದೇನು? ಇನ್ನೊಂದು, ಜುಲೈ ತಿಂಗಳ ನಮ್ಮ ಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆ ಒಣಗಬೇಕಾದರೆ ಬೆಂಕಿಯೇ ಬೇಕು, ಬೆಂಕಿಗೆ ಕಟ್ಟಿಗೆ ಬೇಕು, ಕಟ್ಟಿಗೆಗೆ ಮತ್ತೆ ಅದೇ ಕಾಡು. ಎಲ್ಲೋ ಯಾರದೋ ಹೊಟ್ಟೆ ಕರಗಲಿ ಅಂತ ಇಲ್ಲಿ ಕಾಡು ಕರಗಿತು!

ಹೊಟ್ಟೆಯಾದರೂ ಕರಗಿತೇ? 1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ನ್ಯೂಯಾರ್ಕಿನ ಸಂಶೋಧಕರ ಒಂದು ಪರೀಕ್ಷೆಯ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ. ಎಲ್ಲರಿಗೂ ಒಂದೇ ರೀತಿಯ ಪಥ್ಯ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಖಾಲಿ ಗುಳಿಗೆ. ಉಪ್ಪಾಗೆ ನುಂಗಿದವರು ಸರಾಸರಿ 3.2 ಕಿಲೋ ಇಳಿದರು, ಖಾಲಿ ಗುಳಿಗೆ ನುಂಗಿದವರು 4.1 ಕಿಲೋ! ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಎಂದರು ಸಂಶೋಧಕರು. ಅಂದರೆ ತೂಕ ಇಳಿಸಿದ್ದು ಪಥ್ಯ, ಗುಳಿಗೆಯಲ್ಲ.

ಮಾರಾಟ ನಿಂತಿತು ಅಂದುಕೊಂಡಿರಾ? 2012ರ ಸುಮಾರಿಗೆ ಅಮೆರಿಕದ ಟೀವಿ ವೈದ್ಯರೊಬ್ಬರು ಮತ್ತೆ ಇದನ್ನು ಹೊಗಳಿ ಎತ್ತಿದರು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕೂರಿಸಿ, ಇಂಥ ಮಾತುಗಳಿಗೆ ಆಧಾರವೇನೆಂದು ಪ್ರಶ್ನೆ ಕೇಳಿತು. 2022ರಲ್ಲಿ ಇನ್ನೂ ಗಂಭೀರವಾದ ವರದಿ ಬಂತು. ಔಷಧಿಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲವೊಂದು, 2004ರಿಂದ 2018ರ ನಡುವಿನ 22 ರೋಗಿಗಳಲ್ಲಿ ಹಾನಿಗೆ ಈ ಗುಳಿಗೆಗಳನ್ನು ಕಾರಣವೆಂದು ಗುರುತಿಸಿತು. ಅವರಲ್ಲಿ ಹೆಚ್ಚಿನವರು ಉಪ್ಪಾಗೆಯ ಜೊತೆಗೆ ಹಸಿರು ಚಹಾದ ಸಾರವೂ ಸೇರಿದ್ದನ್ನು ತೆಗೆದುಕೊಂಡಿದ್ದರು, ಐದು ಜನ ಉಪ್ಪಾಗೆಯನ್ನು ಮಾತ್ರ.

ಕೆಲ ವರ್ಷದ ಹಿಂದೆ ಬೆಂಗಳೂರಿನ ನನ್ನ ಗೆಳೆಯನೊಬ್ಬ ಇಂಥದೇ ಒಂದು ಬಾಟಲಿ ತಂದು ತೋರಿಸಿದ. "ನಿಮ್ಮೂರಿನದೇ ಕಾಯಿ ಮಾರಾಯಾ, ನೂರಕ್ಕೆ ನೂರು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ!" ಅಂದ. ಅವನಿಗೆ ಸಕ್ಕರೆ ಕಾಯಿಲೆ, ಅದಕ್ಕೆ ಬೇರೆ ಮಾತ್ರೆ ನಡೆಯುತ್ತಿತ್ತು. ಡಾಕ್ಟರಿಗೆ ಹೇಳಿದ್ದೀಯಾ ಅಂದರೆ, "ಅಯ್ಯೋ, ಇದು ಔಷಧಿ ಅಲ್ವಲ್ಲ" ಅಂದ. ಈ ಮಾತು ನನ್ನನ್ನು ಬಹಳ ಕಾಡಿತು. ಗುಣ ಹೇಳುವಾಗ ಅದು ಔಷಧಿ, ಅಪಾಯ ಕೇಳಿದರೆ ಅದು ಬರೀ ಹಣ್ಣು. ಬಾಟಲಿಯ ವ್ಯಾಪಾರ ನಿಂತಿರುವುದೇ ಈ ಎರಡು ನಾಲಿಗೆಯ ಮೇಲೆ. ಕೊನೆಗೆ ಅವನನ್ನು ಎಳೆದುಕೊಂಡು ಅವನ ಡಾಕ್ಟರ ಹತ್ತಿರ ಹೋದೆ. ಅವರು ಬಾಟಲಿ ತಿರುಗಿಸಿ ಓದಿ, ಇದನ್ನು ನಿಲ್ಲಿಸಿ, ಸಂಜೆ ನಡೆಯಿರಿ ಅಂದರು. ಅವನು ಈಗ ನಡೆಯುತ್ತಾನೆ.

ಈ ಸಂಗತಿ ಹೇಳಿದಾಗ ಅತ್ತೆ ನಕ್ಕರು. "ಸಾರಿಗೆ ಹಾಕ ಹುಳಿಯ ಗುಳಿಗೆ ಮಾಡಿ ನುಂಗ್ತ್ವಾ? ಅದ್ರ ಬದ್ಲು ಎರಡು ದ್ವಾಸೆ ಕಮ್ಮಿ ತಿಂದ್ರೆ ಆಗ್ತಿಲ್ಯಾ?"

ಮನೆಯಲ್ಲಿ ಮಾಡಿದ್ದೆಲ್ಲ ಮದ್ದು, ಹಿರಿಯರು ಹೇಳಿದ್ದೆಲ್ಲ ಸತ್ಯ ಅಂತ ನಾನು ಹೇಳುತ್ತಿಲ್ಲ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅನ್ನುತ್ತಾರೆ. ಹೊಟ್ಟೆ ತುಂಬಾ ಊಟ ಮಾಡಿದವನಿಗೆ ಹುಳಿ ಇಲ್ಲದೆಯೂ ಬರುತ್ತದೆ! ಆದರೆ ಮನೆಯ ಬಳಕೆಯಲ್ಲಿ ಒಂದು ಕಟ್ಟುಪಾಡು ಇದೆ. ಹುಳಿಗೆ ಬೇಕಾದ್ದು ಒಂದು ಚೂರು ಸಿಪ್ಪೆ. ಅದು ಅನ್ನದ ಜೊತೆ, ಉಪ್ಪು-ಮೆಣಸಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಹೆಚ್ಚು ಹಾಕಿದರೆ ನಾಲಿಗೆಯೇ ಸಾಕು ಅನ್ನುತ್ತದೆ. ಒಣಗಿದ ಹುಳಿಯ ಡಬ್ಬ ಮುಂದಿನ ಮಳೆಗಾಲದ ತನಕ ಬರಬೇಕು. ಕಾರ್ಖಾನೆ ಆಮ್ಲವನ್ನು ಬೇರೆ ತೆಗೆದು ಗುಳಿಗೆಯಲ್ಲಿ ತುಂಬಿದಾಗ ಈ ಕಟ್ಟುಪಾಡೆಲ್ಲ ಕಾಡಿನಲ್ಲೇ ಉಳಿಯಿತು, ಬಾಟಲಿಯ ಜೊತೆ ಹೋದದ್ದು 'ನೈಸರ್ಗಿಕ' ಎಂಬ ಶಬ್ದ ಮಾತ್ರ.

2011ರಲ್ಲಿ ಈ ಕಾಡುಗಳ ಒಂದು ಭಾಗ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. ಉಪ್ಪಾಗೆ ಮರಗಳು ಇನ್ನೂ ಇವೆ. ಈ ಸಲ ಮಳೆಗಾಲದಲ್ಲಿ ಹಣ್ಣಾದ ಒಂದು ಉಪ್ಪಾಗೆ ನಿಮ್ಮ ಕೈಗೆ ಸಿಕ್ಕರೆ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳಿ, ಸಾರಿಗೆ ಒಂದು ಚೂರು ಹಾಕಿ, ರುಚಿಯಾಗಿರುತ್ತದೆ. ತೂಕದ ಚಿಂತೆ ಇದ್ದರೆ ಅದಕ್ಕೆ ನಡಿಗೆ ಇದೆ, ಕಾಯಿಲೆ ಇದ್ದರೆ ಡಾಕ್ಟರು ಇದ್ದಾರೆ. ಉಪ್ಪಾಗೆ ಹುಳಿಯಾಗಿಯೇ ಇರಲಿ.