ಕ್ಯಾನನ್ ಎಂಬ ಅಳತೆಗೋಲು

ಶೆರ್ಲಾಕ್ ಹೋಮ್ಸ್, ಸ್ಟಾರ್ ವಾರ್ಸ್, ಹ್ಯಾರಿ ಪಾಟರ್ ಅಭಿಮಾನಿಗಳು ಮಾತಿಗೆ ಕೂತರೆ ‘ಅದು ಕ್ಯಾನನ್ ಅಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆ ಕಥಾಲೋಕದಲ್ಲಿ ಅದು ನಡೆದೇ ಇಲ್ಲ, ನಿಮ್ಮ ವಾದಕ್ಕೆ ಅದನ್ನು ಆಧಾರ ಮಾಡಿಕೊಳ್ಳಬೇಡಿ ಎಂದು ಅದರ ಅರ್ಥ. ಇಡೀ ಕಥೆಯೇ ಕಟ್ಟಿದ್ದು, ಅದರಲ್ಲಿ ನಡೆದದ್ದೆಷ್ಟು ನಡೆಯದ್ದೆಷ್ಟು ಎಂಬ ಲೆಕ್ಕವೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಒಂದು ಲೋಕವನ್ನು ಮನಸಾರೆ ಪ್ರೀತಿಸಿದವರಿಗೆ ಮಾತ್ರ ಈ ಲೆಕ್ಕ ಬೇಕಾಗುತ್ತದೆ.

ಗ್ರೀಕಿನಲ್ಲಿ ‘ಕನೋನ್’ ಎಂದರೆ ನೇರವಾದ ಕೋಲು, ಅಳತೆಗೋಲು. ಅಲ್ಲಿಂದ ನಿಯಮ, ಮಾದರಿ ಎಂಬ ಅರ್ಥಗಳು ಬೆಳೆದವು. ಮುಂದೆ, ಬೈಬಲ್ಲಿಗೆ ಸೇರಿದ ಗ್ರಂಥಗಳು ಯಾವುವು ಎಂದು ಕ್ರೈಸ್ತ ಧರ್ಮಸಭೆ ಒಪ್ಪಿಕೊಂಡ ಪಟ್ಟಿಗೆ ಇದೇ ಹೆಸರು ನಿಂತಿತು. 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸ ಓದಿದ ಪ್ರಬಂಧವೊಂದು, ಬೈಬಲ್ ವಿದ್ವಾಂಸರ ಪರಿಶೀಲನಾ ಕ್ರಮವನ್ನು ಹೋಮ್ಸ್ ಕಥೆಗಳಿಗೆ ಹಚ್ಚಿತು. ತಮಾಷೆಯಾಗಿ ಆರಂಭವಾದ ಆ ಆಟವನ್ನು ಓದುಗರು ಶ್ರದ್ಧೆಯಿಂದ ಬೆಳೆಸಿದರು. ಹಾಗೆ ‘ಕ್ಯಾನನ್’ ಎಂಬ ಪದ ಕಥೆಗಳ ಲೋಕಕ್ಕೆ ಬಂದು ನೆಲೆಸಿತು.

ಹೋಮ್ಸ್ ಕ್ಯಾನನ್ ಎಂದರೆ ಆರ್ಥರ್ ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣಕಥೆ. ಲೇಖಕ ಬರೆದದ್ದೆಲ್ಲ ಕ್ಯಾನನ್ ಎಂದುಕೊಂಡರೆ ತಪ್ಪಾದೀತು. 1896ರಲ್ಲಿ ಎಡಿನ್‌ಬರೋ ವಿದ್ಯಾರ್ಥಿಗಳ ಪತ್ರಿಕೆಗಾಗಿ ಒಂದು, 1920ರ ದಶಕದಲ್ಲಿ ರಾಣಿ ಮೇರಿಯ ಬೊಂಬೆಮನೆಯ ಪುಟಾಣಿ ಗ್ರಂಥಾಲಯಕ್ಕಾಗಿ ಇನ್ನೊಂದು, ಹೀಗೆ ಎರಡು ಕಿರುಬರಹಗಳಲ್ಲಿ ಡಾಯ್ಲ್ ತಾವೇ ಹೋಮ್ಸ್‌ನನ್ನೂ ವಾಟ್ಸನ್‌ನನ್ನೂ ಮಾತಾಡಿಸಿದ್ದಾರೆ. ಅವು ಆ ಅರವತ್ತರ ಲೆಕ್ಕಕ್ಕೆ ಸೇರಿಲ್ಲ.

ಒಳಗೆ ಸೇರಿದ ಕಥೆಗಳೂ ಒಂದಕ್ಕೊಂದು ಹೊಂದುವುದಿಲ್ಲ. 1887ರ ಮೊದಲ ಕಾದಂಬರಿಯಲ್ಲಿ ವಾಟ್ಸನ್‌ಗೆ ಗುಂಡು ತಗಲಿದ್ದು ಭುಜಕ್ಕೆ. 1890ರ ಎರಡನೆಯದರಲ್ಲಿ ಕಾಲಿಗೆ. ಜಾನ್ ಎಚ್. ವಾಟ್ಸನ್‌ನನ್ನು ಒಂದು ಕಥೆಯಲ್ಲಿ ಹೆಂಡತಿಯೇ ಜೇಮ್ಸ್ ಎಂದು ಕರೆಯುತ್ತಾಳೆ. ಡಾಯ್ಲ್ ಮರೆತರು ಎಂದು ಬಿಟ್ಟುಬಿಡುವುದು ಸುಲಭವಿತ್ತು. ಪತ್ತೇದಾರಿ ಕಥೆಗಾರ್ತಿ ಡೊರೊತಿ ಸೇಯರ್ಸ್ ಬಿಡಲಿಲ್ಲ. ನಡುವಿನ ‘ಎಚ್’ ಎಂದರೆ ಹೇಮಿಷ್, ಅದು ಜೇಮ್ಸ್ ಹೆಸರಿನ ಸ್ಕಾಟಿಷ್ ರೂಪ ಎಂದು ಅವರು ಸಮನ್ವಯ ಮಾಡಿದರು. ಕ್ಯಾನನ್‌ಗೆ ಸೇರಿದ ಮಾತನ್ನು ಅಳಿಸುವಂತಿಲ್ಲ, ವಿವರಿಸಬೇಕು. ಹಾಗೆ ವಿವರಿಸಲು ಪ್ರತಿ ಸಾಲನ್ನೂ ಎಚ್ಚರದಿಂದ ಓದಿರಬೇಕು.

ಕ್ರಮೇಣ ಈ ಅಳತೆಗೋಲು ಕಂಪನಿಗಳ ಕೈಗೂ ಹೋಯಿತು. 2014ರ ಏಪ್ರಿಲ್‌ನಲ್ಲಿ ಲೂಕಾಸ್‌ಫಿಲ್ಮ್, ಅಲ್ಲಿಯವರೆಗೆ ಬಂದಿದ್ದ ಸ್ಟಾರ್ ವಾರ್ಸ್ ಕಾದಂಬರಿ, ಕಾಮಿಕ್ಸ್‌ಗಳ ದೊಡ್ಡ ರಾಶಿಯನ್ನು ‘ಲೆಜೆಂಡ್ಸ್’ ಎಂದು ಕರೆದು ಕ್ಯಾನನ್‌ನಿಂದ ಹೊರಗಿಟ್ಟಿತು. ಹೊಸ ಸಿನಿಮಾಗಳಿಗೆ ದಾರಿ ತೆರವಾಗಬೇಕಿತ್ತು. ಆದರೆ ಕಾದಂಬರಿಕಾರ ಟಿಮೊತಿ ಜಾನ್ 1991ರಲ್ಲಿ ಸೃಷ್ಟಿಸಿದ ಥ್ರಾನ್ ಎಂಬ ಸೇನಾಧಿಪತಿಯನ್ನು ಓದುಗರು ಮರೆಯಲಿಲ್ಲ. 2016ರಲ್ಲಿ ‘ರೆಬೆಲ್ಸ್’ ಸರಣಿಯ ಮೂಲಕ ಅವನು ಕ್ಯಾನನ್ ಒಳಗೇ ಮರಳಿದ.

ಸ್ಟಾರ್ ಟ್ರೆಕ್‌ನಲ್ಲೂ ಹೀಗೆ ಹೊರಗಿನದೊಂದು ಒಳಗೆ ಬಂದಿತು. ಅಲ್ಲಿನ ಸುಲು ಎಂಬ ಪಾತ್ರಕ್ಕೆ ಟಿವಿ ಸರಣಿಯಲ್ಲಿ ಪೂರ್ಣ ಹೆಸರೇ ಇರಲಿಲ್ಲ. 1981ರ ಒಂದು ಕಾದಂಬರಿಯಲ್ಲಿ ‘ಹಿಕಾರು’ ಎಂಬ ಹೆಸರಿಟ್ಟವರು ವೋಂಡಾ ಮೆಕಿಂಟೈರ್. ಕಾದಂಬರಿಗಳು ಕ್ಯಾನನ್ ಅಲ್ಲ ಎಂಬುದು ಅಲ್ಲಿನ ನಿಯಮ. ಹತ್ತು ವರ್ಷಗಳ ಮೇಲೆ, 1991ರ ಸಿನಿಮಾದಲ್ಲಿ ಸುಲು ತನ್ನ ಬಾಯಲ್ಲೇ ಆ ಹೆಸರು ಹೇಳಿದ.

ಕೋಲು ಈಗ ಒಬ್ಬೊಬ್ಬ ಓದುಗನ ಕೈಗೂ ಬಂದಿದೆ. ಕಥೆ ಹೇಳದೆ ಬಿಟ್ಟ ಜಾಗವನ್ನು ನನ್ನ ಮಟ್ಟಿಗೆ ನಾನು ತುಂಬಿಕೊಂಡರೆ ಅದು ‘ಹೆಡ್‌ಕ್ಯಾನನ್’. ಬಹಳ ಜನ ಹಾಗೇ ತುಂಬಿಕೊಂಡರೆ ‘ಫ್ಯಾನನ್’. ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕ ಬಂದ ಮೇಲೆ, 2007ರಲ್ಲಿ, ಅದರ ಮಾಂತ್ರಿಕ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಸಲಿಂಗಿ ಎಂದು ಲೇಖಕಿ ರೋಲಿಂಗ್ ವೇದಿಕೆಯಲ್ಲಿ ಹೇಳಿದಾಗ ಒಪ್ಪಿದವರೂ ಇದ್ದರು, ಪುಟದ ಮೇಲೆ ಇಲ್ಲದ್ದು ಹೇಗೆ ಸೇರುತ್ತದೆ ಎಂದವರೂ ಇದ್ದರು. ಎರಡೂ ಕಡೆಯವರು ಪುಸ್ತಕವನ್ನೇ ಮತ್ತೆ ತೆರೆದು ನೋಡಿದರು.

ಕ್ಯಾನನ್ ಇರಬೇಕಾದದ್ದು ಇದಕ್ಕಾಗಿಯೇ. ಎಲ್ಲರೂ ಒಪ್ಪಿದ ಒಂದಿಷ್ಟು ನೆಲವಿಲ್ಲದೆ ಜಗಳವಾಡಲೂ ಬರುವುದಿಲ್ಲ. ಹಕ್ಕುಸ್ವಾಮ್ಯ ಇರುವವರು ಮುದ್ರೆ ಒತ್ತಲಿ, ಲೇಖಕರು ತಮ್ಮ ಮನಸ್ಸು ಹೇಳಲಿ. ಅವರು ಹೊರಗಿಟ್ಟದ್ದನ್ನು ಉಳಿಸುವ, ಕೊಟ್ಟದ್ದನ್ನು ನಿರಾಕರಿಸುವ ಶಕ್ತಿ ಮತ್ತೆ ಮತ್ತೆ ಓದುವವರಿಗಿದೆ. ಅದನ್ನು ಅವರು ಓದಿಯೇ ಗಳಿಸಿದ್ದಾರೆ.