ಕೆಲಸದಲ್ಲಿ ಪೆಟ್ಟಾಯಿತೆ? ಹಾಗೆಂದೇ ಬರೆಸಿ

ಕೆಲಸದ ವೇಳೆ ಆದ ಗಾಯವನ್ನು ಹಾಗೆಂದೇ ದಾಖಲಿಸದಿದ್ದರೆ ನಷ್ಟ ರೋಗಿಗೆ. ಇಎಸ್‌ಐ ಇರುವ ಕಾರ್ಮಿಕರ ಕೈ ಮಷೀನಿಗೆ ಸಿಕ್ಕಿದರೆ, ಕೆಲಸಕ್ಕೆ ಮರಳುವಷ್ಟು ಗುಣವಾಗುವವರೆಗೂ ಸರಾಸರಿ ದಿನಗೂಲಿಯ ಶೇ. 90ರಷ್ಟು ಸಿಗುತ್ತದೆ. ಅದೇ ಗಾಯ ಮನೆಯಲ್ಲಿ ಆಯಿತೆಂದು ಬರೆದರೆ ಸಾಮಾನ್ಯ ಕಾಯಿಲೆಯ ಲೆಕ್ಕ: ಶೇ. 70, ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನ.

ಆಸ್ಪತ್ರೆಯಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಪೆಟ್ಟಾಯಿತೆಂದು ಹೇಳಿ. ನೋವಿನಲ್ಲಿ ‘ಜಾರಿ ಬಿದ್ದೆ’ ಎಂದಷ್ಟೇ ಬಾಯಿಗೆ ಬರುತ್ತದೆ; ಜೊತೆಗಿರುವವರು ಉಳಿದದ್ದನ್ನು ಹೇಳಿ, ಕೇಸ್ ಪೇಪರಿನಲ್ಲಿ ಬರೆದಿದ್ದಾರೆಯೇ ನೋಡಬೇಕು. ಕಾರ್ಖಾನೆಯ ಅಪಘಾತ ಪುಸ್ತಕದಲ್ಲೂ ಇದು ನಮೂದಾಗಬೇಕು. ‘ಖರ್ಚು ನಾವು ಕೊಡ್ತೀವಿ, ಮನೇಲಿ ಬಿದ್ದೆ ಅನ್ನು’ ಎಂದು ಸೂಪರ್‌ವೈಸರ್ ಹೇಳಿದರೆ ಒಪ್ಪಬೇಡಿ.

ಕೆಲಸದಿಂದ ಬರುವ ಕಾಯಿಲೆಯನ್ನು ಗುರುತಿಸುವುದು ಇನ್ನೂ ಕಷ್ಟ. ಕಲ್ಲು ಒಡೆಯುವವರಿಗೆ, ಕೊರೆಯುವವರಿಗೆ ದೂಳಿನಿಂದ ಬರುವ ಸಿಲಿಕೋಸಿಸ್ ಸಾಮಾನ್ಯವಾಗಿ ಎಷ್ಟೋ ವರ್ಷಗಳ ಮೇಲೆ ಕಾಣಿಸುತ್ತದೆ. ಅಷ್ಟರಲ್ಲಿ ಆ ಕೆಲಸ ಬಿಟ್ಟೂ ಆಗಿರುತ್ತದೆ. ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ಕೆಮ್ಮು, ದಮ್ಮಿಗೆ ತೋರಿಸುವಾಗ ಹಿಂದೆ ಯಾವ ಕೆಲಸ ಎಷ್ಟು ವರ್ಷ ಮಾಡಿದಿರಿ ಎಂಬುದನ್ನು, ವೈದ್ಯರು ಕೇಳದಿದ್ದರೂ, ಹೇಳಿ. ಹಳೆಯ ಎಕ್ಸ್‌ರೇ, ಸಂಬಳದ ಚೀಟಿ, ಕಂಪನಿಯ ಗುರುತಿನ ಚೀಟಿ ಎಸೆಯಬೇಡಿ.