ಜೋಡುನಳಿಗೆಯ ಕೇಪಿನ ಕೋವಿ: ಒಂದು ಆಯುಧ ಹೇಳುವ ಇತಿಹಾಸ

ಇತಿಹಾಸವೆಂದರೆ ರಾಜರ ಹೆಸರು ಮತ್ತು ಯುದ್ಧಗಳ ಇಸವಿ ಎಂದು ನಮ್ಮ ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಒಂದು ವಸ್ತುವನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಿದರೂ ಇತಿಹಾಸ ತಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗಿ, ಬ್ರಿಟಿಷ್ ಅಧಿಕಾರಿಗಳೊಡನೆ ನಮ್ಮ ದೇಶಕ್ಕೆ ಬಂದ ಜೋಡುನಳಿಗೆಯ ಕೇಪಿನ ರೈಫಲ್ ಅಂಥ ಒಂದು ವಸ್ತು. ಇಂದು ಸಂಗ್ರಹಕಾರರು ಅದನ್ನು ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಆದರೆ ಅದರ ಬೆಲೆಗಿಂತ ಅದು ಕಲಿಸುವ ಪಾಠ ನಮಗೆ ಮುಖ್ಯ.

ಮೊದಲು ಭಾಷೆಯನ್ನೇ ನೋಡೋಣ. 'ಬಂದೂಕು' ಅರಬಿಯ 'ಬುಂದುಕ್' ಎಂಬ ಪದದಿಂದ ಬಂದದ್ದು. ಅದರ ಮೂಲ ಅರ್ಥ ಒಂದು ಬಗೆಯ ಗುಂಡನೆಯ ಕಾಯಿ. 'ತೋಪು', 'ತುಪಾಕಿ', 'ಚಕಮಕಿ' ಇವು ತುರ್ಕಿ ಮೂಲದವು. ಈ ವಿದ್ಯೆ ಯಾವ ಒಂದು ದೇಶದ ಸ್ವತ್ತೂ ಅಲ್ಲ, ಕೈಯಿಂದ ಕೈಗೆ ಬಂದದ್ದು ಎಂಬುದಕ್ಕೆ ನಾವಾಡುವ ಮಾತೇ ಸಾಕ್ಷಿ.

ಹಳೆಯ ಬಂದೂಕಿನಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕಿತ್ತು. ಮಳೆ ಬಂದರೆ ಮದ್ದು ಹಸಿಯಾಗಿ ಈಡು ಹಾರುತ್ತಿರಲಿಲ್ಲ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸುವ ಕ್ರಮಕ್ಕೆ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದಲೇ ಮುಂದೆ ತಾಮ್ರದ ಚಿಕ್ಕ ಟೊಪ್ಪಿಯಂತಹ 'ಕೇಪು' ಬಂತು. ಮದ್ದು ಮತ್ತು ಗುಂಡನ್ನು ನಳಿಗೆಯ ಬಾಯಿಂದ ಹಾಕಿ ಗಜದಿಂದ ಜಡಿದು, ಹಿಂಭಾಗದಲ್ಲಿ ಕೇಪು ಕೂರಿಸಬೇಕು. 'ಕುದುರೆ' ಎನ್ನುವ ಸುತ್ತಿಗೆ ಅದರ ಮೇಲೆ ಬಡಿದರೆ ಈಡು ಹಾರುತ್ತದೆ.

ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ. ಗಾಯಗೊಂಡ ಹುಲಿ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದಲೇ ಎರಡು ನಳಿಗೆ, ಎರಡು ಕುದುರೆ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ತಿರುಗಿಸಿ ಗುರಿ ತಪ್ಪದಂತೆ ಕಳಿಸುತ್ತವೆ. ಎರಡು ನಳಿಗೆಗಳ ಗುಂಡೂ ಒಂದೇ ಗುರಿಗೆ ಬೀಳುವಂತೆ ಬೆಸುಗೆ ಹಾಕಿ, ಹೊಡೆದು ನೋಡಿ, ಮತ್ತೆ ಸರಿಪಡಿಸುವುದೇ ಕುಶಲಕರ್ಮಿಯ ನಿಜವಾದ ಪರೀಕ್ಷೆ. ಇದರ ಅಳತೆಯನ್ನು 'ಬೋರ್' ಎನ್ನುತ್ತಾರೆ. ಒಂದು ಪೌಂಡ್ ಸೀಸದಲ್ಲಿ 12 ಗುಂಡುಗಳಾದರೆ 12 ಬೋರ್. ಅಂದರೆ ಒಂದೊಂದು ಗುಂಡು ಸುಮಾರು 38 ಗ್ರಾಂ.

ನಮ್ಮ ನಾಡಿನ ಕಾರ್ಖಾನೆಗಳು

ಇಂಥ ಕೌಶಲ ಇಂಗ್ಲೆಂಡಿನಲ್ಲಿ ಮಾತ್ರ ಇತ್ತೇ? ಇಲ್ಲ. 1763ರಲ್ಲಿ ಬಿದನೂರು ಹೈದರ್ ಅಲಿಯ ವಶವಾಯಿತು. ಅದರ ಬೆನ್ನಿಗೇ ಸೋಂದಾ ಸೀಮೆಯೂ ಮೈಸೂರಿಗೆ ಸೇರಿತು. ಇಂದಿನ ಶಿರಸಿ, ಯಲ್ಲಾಪುರ ಪ್ರದೇಶ ಆ ಸೀಮೆಯದೇ. ಆ ಕಾಲದಲ್ಲಿ, ವಿಶೇಷವಾಗಿ ಹಜ್ರತ್ ಟಿಪ್ಪು ಸುಲ್ತಾನ್ ಶಹೀದರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣದಲ್ಲಿ ಜೋಡುನಳಿಗೆಯ ಚಕಮಕಿ ಬಂದೂಕುಗಳು ತಯಾರಾಗುತ್ತಿದ್ದವು. ಅವುಗಳ ಮೇಲೆ ಹುಲಿಪಟ್ಟೆಯ ಅಲಂಕಾರ, ಫಾರಸಿ ಬರಹ ಮತ್ತು ಪ್ರವಾದಿ ಮುಹಮ್ಮದ್ (ಸ) ಅವರ ಜನನದಿಂದ ಎಣಿಸುವ ಮೌಲೂದಿ ಇಸವಿ ಇರುತ್ತಿದ್ದವು. ಸಿದ್ದಾಪುರಕ್ಕೆ ಬಹಳ ದೂರವಲ್ಲದ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಸುಮಾರು ಸಾವಿರ ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಅವು ಟಿಪ್ಪು ಕಾಲದವೆಂದು ಪುರಾತತ್ವ ಇಲಾಖೆ ಗುರುತಿಸಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೇಪಿಗೆ ದಾರಿ ಮಾಡಿದ ಫೋರ್ಸಿತ್ ಪೇಟೆಂಟ್ ಬಂದದ್ದು ಅದಾಗಿ ಕೇವಲ 8 ವರ್ಷಕ್ಕೆ. ಚಕಮಕಿಯಿಂದ ಕೇಪಿಗೆ ದಾಟುವ ಅವಕಾಶ ನಮ್ಮ ಕುಶಲಕರ್ಮಿಗಳಿಗೆ ಸಿಗಲಿಲ್ಲ. ಅವರ ಬುದ್ಧಿಶಕ್ತಿಯಾಗಲಿ ಕೈಚಳಕವಾಗಲಿ ಕುಂದಿರಲಿಲ್ಲ. ಅವರಿಗೆ ಕೆಲಸ ಕೊಟ್ಟು, ಶಿಷ್ಯರನ್ನು ತಯಾರಿಸುತ್ತಿದ್ದ ಆಸರೆಯೇ ಇಲ್ಲವಾಯಿತು. ಅವರು ಮಾಡಿದ ಬಂದೂಕುಗಳು ಲೂಟಿಯಾಗಿ ಹಡಗು ಹತ್ತಿದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್ಹಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ 30 ಆಯುಧ ಮತ್ತಿತರ ವಸ್ತುಗಳು ಒಟ್ಟು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಮಾರಾಟವಾದವು.

ಆಯುಧ ಯಾರ ಕೈಯಲ್ಲಿ?

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯಿದೆ ತಂದಿತು. ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು ಅದೇ ವರ್ಷ ನವೆಂಬರಿನಲ್ಲಿ ದಂಗೆಯೆದ್ದರು. ಊರು ಸುಟ್ಟಿತು, 19 ಜನ ಗಲ್ಲಿಗೇರಿದರು. ಯಲ್ಲಾಪುರಕ್ಕೆ ಹೊಂದಿಕೊಂಡ ಸೂಪಾದ ಕಾಡುಗಳಲ್ಲಿ 1858-59ರಲ್ಲಿ ಬಂಡಾಯ ನಡೆದಾಗ ನಮ್ಮ ಸಿದ್ದಿ ಸಹೋದರರೂ ಅದರಲ್ಲಿದ್ದರು. 1878ರ ಶಸ್ತ್ರ ಕಾಯಿದೆಯಂತೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯವಾಯಿತು, ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. ಜೋಡುನಳಿಗೆಯ ರೈಫಲ್ ಸಾಹೇಬರ ಶಿಕಾರಿಯ ಗುರುತಾಯಿತು. ಅಡಿಕೆ ತೋಟದ ರೈತನಿಗೆ ಉಳಿದದ್ದು ಮಂಗ ಮತ್ತು ಹಂದಿಯನ್ನು ಓಡಿಸುವ ಒಂಟಿನಳಿಗೆಯ ನಾಡಕೋವಿ. ಅದನ್ನು ಇಂದಿಗೂ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಕೋವಿ ಕಂಡರೆ ವಿದ್ಯಾರ್ಥಿಗಳು ಮುಟ್ಟಬಾರದು. ನಳಿಗೆಯಲ್ಲಿ ಹಳೆಯ ಈಡು ಇನ್ನೂ ಇರಬಹುದು. ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ಮಾತ್ರ 1959ರ ಶಸ್ತ್ರ ಕಾಯಿದೆಯಲ್ಲಿ ವಿನಾಯಿತಿಯಿದೆ. ಎಷ್ಟೇ ಹಳೆಯದಾದರೂ ಹಾರುವ ಕೋವಿಗೆ ಲೈಸೆನ್ಸ್ ಬೇಕು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ. ಆದರೆ ಅದರೊಂದಿಗಿರುವ ಹಳೆಯ ಲೈಸೆನ್ಸ್ ಪುಸ್ತಕ, ರಸೀದಿ, ಉರ್ದು ಅಥವಾ ಮೋಡಿ ಲಿಪಿಯ ಪತ್ರಗಳನ್ನು ರದ್ದಿಗೆ ಹಾಕಬೇಡಿ. ಹಿರಿಯರನ್ನು ಕೇಳಿ ಬರೆದಿಡಿ.

ಹುನರು ಒಬ್ಬನ ಕೈಯಲ್ಲಿ ಹುಟ್ಟಬಹುದು, ಆದರೆ ಅದು ಬಾಳುವುದು ಕಲಿಸುವ ಸಂಸ್ಥೆಯಲ್ಲಿ. ಶ್ರೀರಂಗಪಟ್ಟಣದ ಕಾರ್ಖಾನೆ ಮುಚ್ಚಿದಾಗ ಮುಂದಿನ ಪೀಳಿಗೆ ತಯಾರಿಸುವುದನ್ನು ಬಿಟ್ಟು ಕೊಳ್ಳುವುದನ್ನು ಮಾತ್ರ ಕಲಿತಿತು. ನಮ್ಮ ಮಕ್ಕಳು ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಸೀಟು ಪಡೆದು ಓದಬೇಕೆಂದು ನಾವು ಒತ್ತಾಯಿಸುವುದು ಇದೇ ಕಾರಣಕ್ಕೆ.